ತುಂಗಭದ್ರಾ ಎಡದಂಡೆ ನಾಲೆಯ ನೀರನ್ನು ಎಷ್ಟರಮಟ್ಟಿಗೆ ನಂಬಬಹುದು?

ಮುನಿರಾಬಾದಿನಲ್ಲಿ ಹುಟ್ಟಿ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರವಾರ ಸೀಮೆಗಳಿಗೆ ನೀರುಣಿಸುತ್ತ ರಾಯಚೂರು ತಾಲ್ಲೂಕಿನವರೆಗೆ 227 ಕಿಲೋಮೀಟರ್ ಸಾಗುವ ತುಂಗಭದ್ರಾ ಎಡದಂಡೆ ಮುಖ್ಯ ನಾಲೆಯನ್ನು ನಾವು ಸಾಮಾನ್ಯವಾಗಿ ಯೋಜನೆಯೆಂದೋ ರಾಜಕೀಯ ವಿಷಯವೆಂದೋ ನೋಡುತ್ತೇವೆ. ಸುಮಾರು ಆರು ಲಕ್ಷ ಎಕರೆ ಅಚ್ಚುಕಟ್ಟಿನ ರೈತರಿಗೆ ಪ್ರತಿ ಹಂಗಾಮಿನಲ್ಲಿ ಅದು ಒಂದು ಸೇವೆಯೂ ಹೌದು. ಅದಕ್ಕೆ ಕರ ಕಟ್ಟುತ್ತಾರೆ, ಅದನ್ನು ನಂಬಿ ಸಾಲ ಮಾಡುತ್ತಾರೆ, ಅದರ ದಿನಾಂಕ ನೋಡಿಕೊಂಡು ಸಸಿಮಡಿ ಹಾಕುತ್ತಾರೆ. ಬೇರೆ ಯಾವುದೇ ಸೇವೆಯನ್ನು ಅಳೆಯುವಂತೆ ಇದನ್ನೂ ಅಳೆಯಬೇಕೆಂಬ ಉದ್ದೇಶದಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಮುಂಗಾರು ಬೆಳೆಗೆ ಈ ನಾಲೆಯನ್ನು ಬಹುಮಟ್ಟಿಗೆ ನಂಬಬಹುದು, ಎರಡನೇ ಬೆಳೆಗೆ ನವೆಂಬರ್ ಮುಗಿಯುವವರೆಗೆ ನಂಬಬಾರದು, ನಾಲೆಯ ಕೊನೆಯ ಭಾಗದಲ್ಲಿ ಹೊಲವಿದ್ದವರು ಎರಡೂ ಹಂಗಾಮಿನಲ್ಲಿ ಅರ್ಧ ನಂಬಿಕೆ ಇಟ್ಟುಕೊಂಡೇ ಬಿತ್ತಬೇಕು.

ನೀರಿನ ಭರವಸೆಯನ್ನು ಅಳೆಯಲು ನಮ್ಮಲ್ಲಿ ರೂಢಿಯಾಗಿರುವ ಮಾನದಂಡ ಜಲಾಶಯದ ಮಟ್ಟ. ಪತ್ರಿಕೆಗಳು ದಿನವೂ ಒಳಹರಿವು, ಹೊರಹರಿವು, ಸಂಗ್ರಹಗಳನ್ನು ಪ್ರಕಟಿಸುತ್ತವೆ. ಮಟ್ಟ 1633 ಅಡಿ ಮುಟ್ಟಿದ ದಿನ ಬಾಗಿನ ಅರ್ಪಿಸಲಾಗುತ್ತದೆ. ಆದರೆ ಜಲಾಶಯ ತುಂಬುವುದಕ್ಕೂ ಮಾನ್ವಿ ತಾಲ್ಲೂಕಿನ ಹೊಲವೊಂದರ ತೂಬಿನಲ್ಲಿ ನೀರು ಕಾಣಿಸಿಕೊಳ್ಳುವುದಕ್ಕೂ ನಡುವೆ ನೂರಾರು ಗೇಟುಗಳು, ಹತ್ತಾರು ವಿತರಣಾ ನಾಲೆಗಳು, ಲೆಕ್ಕಕ್ಕೆ ಸಿಗದಷ್ಟು ಪಂಪ್‌ಸೆಟ್‌ಗಳು ಇವೆ. ರೈತನ ಮಟ್ಟಿಗೆ ಸೇವೆಯ ಗುಣಮಟ್ಟ ಮೂರು ಪ್ರಶ್ನೆಗಳಲ್ಲಿ ತೀರ್ಮಾನವಾಗುತ್ತದೆ. ಹೇಳಿದ ದಿನಕ್ಕೆ ನೀರು ಬಂತೇ? ಹೇಳಿದ ಪ್ರಮಾಣದಲ್ಲಿ ಬಂತೇ? ಹೇಳಿದ ದಿನದವರೆಗೂ ನಿಲ್ಲದೆ ಬಂತೇ? ಈ ಮೂರಕ್ಕೂ ಉತ್ತರ ಕೊಡಬಲ್ಲ ಜಾಗ ಅಣೆಕಟ್ಟೆಯ ಮೇಲಿಲ್ಲ. ಅದು ನಾಲೆಯ 104ನೇ ಮೈಲಿನಲ್ಲಿ ನೀರಿನ ಮಟ್ಟ ಅಳೆಯುವ ಗೇಜಿನ ಬಳಿ ಇದೆ.

ಮೊದಲು ನದಿಯ ಲೆಕ್ಕ. ತುಂಗೆ ಮತ್ತು ಭದ್ರೆ ಕೂಡ್ಲಿಯಲ್ಲಿ ಸೇರಿ ಬರುವ ಈ ನೀರಿನ ಬಹುಪಾಲು ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನ ಮಳೆಯಿಂದಲೇ ಬರಬೇಕು. ಬಳಕೆಯಾಗುವ ನಮ್ಮ ಸೀಮೆಯಲ್ಲಿ ಮಳೆಯೇ ಅಪರೂಪ. ಕೃಷ್ಣಾ ಕೊಳ್ಳದ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ತುಂಗಭದ್ರಾ ಜಲಾಶಯದಿಂದ ವರ್ಷಕ್ಕೆ 212 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರಿನ ಬಳಕೆಯನ್ನೂ ಆವಿಯಾಗುವುದಕ್ಕೆ 18 ಟಿಎಂಸಿಯನ್ನೂ ಲೆಕ್ಕ ಹಾಕಿತ್ತು. ಅದರಲ್ಲಿ ಕರ್ನಾಟಕಕ್ಕೆ 138.99, ಆಂಧ್ರಕ್ಕೆ 73.01. ಜಲಾಶಯದ ಸಾಮರ್ಥ್ಯವಾದರೋ 1953ರಲ್ಲಿ ಸುಮಾರು 133 ಟಿಎಂಸಿ ಇದ್ದದ್ದು ಹೂಳು ತುಂಬಿ ಈಗ 105.78 ಟಿಎಂಸಿಗೆ ಇಳಿದಿದೆ. ಅಂದರೆ, ಹಂಚಿಕೊಟ್ಟ ನೀರಿನ ಅರ್ಧದಷ್ಟನ್ನು ಮಾತ್ರ ಈ ಜಲಾಶಯ ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲದು. ಉಳಿದರ್ಧವನ್ನು ಜುಲೈಯಿಂದ ಅಕ್ಟೋಬರ್‌ವರೆಗೆ ನದಿ ಹರಿಯುತ್ತಿರುವಾಗಲೇ ನಾಲೆಗಳಿಗೆ ತಿರುಗಿಸಿಕೊಳ್ಳಬೇಕು. ಈ ಒಂದು ಸಂಗತಿ ಗೊತ್ತಿದ್ದರೆ ಎಡದಂಡೆಯ ನಂಬಿಕೆ ಮತ್ತು ಅಪನಂಬಿಕೆ ಎರಡಕ್ಕೂ ಕಾರಣ ತಿಳಿಯುತ್ತದೆ. ಮುಂಗಾರು ಬೆಳೆ ಹರಿಯುವ ನದಿಯನ್ನು ನೆಚ್ಚಿಕೊಂಡಿದೆ; ಎರಡನೇ ಬೆಳೆ ನದಿ ನಿಂತ ಮೇಲೆ ಜಲಾಶಯದಲ್ಲಿ ಉಳಿದದ್ದನ್ನು ನೆಚ್ಚಿಕೊಂಡಿದೆ.

ಮುಂಗಾರಿನ ಸೇವೆಯ ಬಗ್ಗೆ ನ್ಯಾಯವಾಗಿ ಒಳ್ಳೆಯ ಮಾತು ಹೇಳಬೇಕು. ಜುಲೈ ಅಥವಾ ಆಗಸ್ಟಿನಲ್ಲಿ ನೀರಾವರಿ ಸಲಹಾ ಸಮಿತಿ ಸಭೆ ಸೇರಿ ದಿನಾಂಕ ನಿಗದಿ ಮಾಡುತ್ತದೆ, ನವೆಂಬರ್ ಕೊನೆಯವರೆಗೆ ನಾಲೆ ಹರಿಯುತ್ತದೆ, ಹೆಚ್ಚಿನ ವರ್ಷಗಳಲ್ಲಿ ಭತ್ತ ಕೈಗೆ ಬರುತ್ತದೆ. 2023ರಂತಹ ವರ್ಷಗಳು ಇದಕ್ಕೆ ಹೊರತು. ಆ ವರ್ಷ ಮಲೆನಾಡಿನಲ್ಲಿಯೇ ಮಳೆ ಕೈಕೊಟ್ಟು ಜಲಾಶಯ ಭರ್ತಿಯಾಗಲಿಲ್ಲ, ಎರಡನೇ ಬೆಳೆಗೆ ನೀರೂ ಸಿಗಲಿಲ್ಲ. ಏಳು ದಶಕಗಳಿಂದ ಒಂದು ನದಿ ಒಣನಾಡಿಗೆ ವರ್ಷಕ್ಕೊಂದು ಬೆಳೆಯನ್ನಾದರೂ ಕೊಡುತ್ತ ಬಂದಿರುವುದು ಸಣ್ಣ ವಿಷಯವಲ್ಲ. ಸಿಂಧನೂರು, ಗಂಗಾವತಿಗಳ ಅಕ್ಕಿ ಗಿರಣಿಗಳು, ಅಡತಿ ಅಂಗಡಿಗಳು, ಟ್ರಾಕ್ಟರ್ ಮಳಿಗೆಗಳು ನಿಂತಿರುವುದೇ ಈ ನಾಲೆಯ ಮೇಲೆ.

ಎರಡನೇ ಬೆಳೆಯ ಸ್ಥಿತಿ ಹೀಗಿಲ್ಲ. ಒಂದು ಟಿಎಂಸಿ ಅಡಿ ಎಂದರೆ ಸುಮಾರು 23 ಸಾವಿರ ಎಕರೆಗೆ ಒಂದಡಿ ನೀರು ನಿಲ್ಲಿಸುವಷ್ಟು ಪ್ರಮಾಣ. ಒಂದು ಹಂಗಾಮಿನ ಭತ್ತಕ್ಕೆ ನಾಲ್ಕಡಿ ನೀರು ಬೇಕೆಂದು ಹಿಡಿದರೆ, ಕಾಲುವೆಯ ಸೋರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆಯೇ, ಒಂದು ಟಿಎಂಸಿಯಲ್ಲಿ ಆರು ಸಾವಿರ ಎಕರೆಗಿಂತ ಕಡಿಮೆ ಭತ್ತ ಬೆಳೆಯಬಹುದು. ಹೂಳಿನಿಂದ ಕಳೆದುಹೋದ ಸುಮಾರು 27 ಟಿಎಂಸಿ ಜಾಗವನ್ನು ಈ ಲೆಕ್ಕದಲ್ಲಿ ನೋಡಿದರೆ ಒಂದೂವರೆ ಲಕ್ಷ ಎಕರೆಯ ಬೇಸಿಗೆ ಭತ್ತ ಅಣೆಕಟ್ಟೆಯ ತಳದ ಮಣ್ಣಿನಲ್ಲಿ ಹೂತುಹೋದಂತೆ. ಹೂಳು ಮುಂಗಾರು ಬೆಳೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ, ಏಕೆಂದರೆ ಆಗ ನದಿ ಹರಿಯುತ್ತಿರುತ್ತದೆ. ಅದರ ಪೂರ್ತಿ ಭಾರ ಬೀಳುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಬೆಳೆಯ ಮೇಲೆ. ಮಳೆಗಾಲದಲ್ಲಿ ಗೇಟುಗಳ ಮೂಲಕ ನೂರಾರು ಟಿಎಂಸಿ ನೀರು ನದಿಗೆ ಹರಿದುಹೋಗಿ, ಮುಂದಿನ ಫೆಬ್ರುವರಿಯಲ್ಲಿ ತೆನೆ ಕಟ್ಟುವ ಹೊತ್ತಿಗೆ ನೀರಿಲ್ಲ ಎನ್ನುವ ಸ್ಥಿತಿ ಬರುವುದು ಇದೇ ಕಾರಣಕ್ಕೆ.

ಇದರ ಮೇಲೆ ಗೇಟುಗಳ ಪ್ರಶ್ನೆ ಬಂದು ಸೇರಿತು. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗಲೇ, 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅಷ್ಟು ದೊಡ್ಡ ಹರಿವಿನ ನಡುವೆಯೇ ಒಂದು ವಾರದಲ್ಲಿ ತಾತ್ಕಾಲಿಕ ಗೇಟಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ತಡೆದ, ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡವನ್ನೂ ಹಗಲು ರಾತ್ರಿ ದುಡಿದ ಕಾರ್ಮಿಕರನ್ನೂ ಈ ಅಚ್ಚುಕಟ್ಟಿನ ಯಾವ ರೈತನೂ ಮರೆಯಲಾರ. ಆ ವರ್ಷ ಮಲೆನಾಡಿನ ಮಳೆಯೂ ಕೈಹಿಡಿದು ಜಲಾಶಯ ಮತ್ತೆ ತುಂಬಿಕೊಂಡಿತು. ಆದರೆ ಎಪ್ಪತ್ತು ವರ್ಷದ ಹಳೆಯ ಉಳಿದ ಗೇಟುಗಳ ಮೇಲೆ ಪೂರ್ತಿ ಭಾರ ಹಾಕುವ ಧೈರ್ಯವನ್ನು ತಜ್ಞರು ಮಾಡಲಿಲ್ಲ. 2025ರ ಮುಂಗಾರಿನಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ಎಲ್ಲ ಗೇಟುಗಳನ್ನೂ ಬದಲಾಯಿಸುವ ಕೆಲಸಕ್ಕಾಗಿ 2025-26ರ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನಿಸಲಾಯಿತು. ಗೇಟು ಬದಲಾಯಿಸುವುದು ಸರಿಯಾದ ನಿರ್ಧಾರ, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಸಮಯದ ಬಗ್ಗೆ. ಗೇಟು ಮುರಿದದ್ದು 2024ರ ಆಗಸ್ಟಿನಲ್ಲಿ. 2025ರ ಬೇಸಿಗೆಯಲ್ಲಿ ನೀರು ತಳ ಕಂಡಾಗ ಸಿಕ್ಕ ಅವಕಾಶ ಕೈತಪ್ಪಿತು. ಅದರ ಬೆಲೆಯಾಗಿ ರೈತರು ಒಂದು ಇಡೀ ಹಂಗಾಮು ಕಳೆದುಕೊಂಡರು. ನದಿ ನೀರು ತಂದುಕೊಟ್ಟಿತ್ತು, ಹಿಡಿಯುವ ಪಾತ್ರೆಯೇ ಸಿದ್ಧವಿರಲಿಲ್ಲ.

ಇನ್ನು ನಾಲೆಯ ಕೊನೆಯ ಭಾಗದ ವಿಷಯ. ಇದನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನದಿಯಲ್ಲಿ ನೀರಿದ್ದು, ಜಲಾಶಯ ತುಂಬಿದ್ದು, ಗೇಟುಗಳು ಗಟ್ಟಿಯಿದ್ದ ವರ್ಷಗಳಲ್ಲಿಯೂ ಇಲ್ಲಿನ ಸೇವೆ ಹದಗೆಟ್ಟೇ ಇತ್ತು.

ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ ಸೇರಿ 1945ರಲ್ಲಿ ಕೆಲಸ ಆರಂಭಿಸಿದಾಗ ಈ ನಾಲೆಯ ಉದ್ದೇಶ ಬರ ತಡೆಯುವುದು. ಇರುವ ನೀರನ್ನು ಸಾಧ್ಯವಾದಷ್ಟು ಹೆಚ್ಚು ಭೂಮಿಗೆ ತೆಳುವಾಗಿ ಹರಡಿ, ಜೋಳ, ಹತ್ತಿ, ಶೇಂಗಾದಂತಹ ಬೆಳೆಗಳನ್ನು ಕೈಬಿಡದಂತೆ ಕಾಯುವುದು ಆಗಿನ ಲೆಕ್ಕಾಚಾರ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಮೊದಲೇ ಗೊತ್ತುಮಾಡಲಾಗಿತ್ತು. ಭತ್ತಕ್ಕೆ ಬಹಳ ಸಣ್ಣ ಪಾಲು ಮಾತ್ರ. ನಾಲೆಯ ಅಗಲ, ವಿತರಣಾ ನಾಲೆಗಳ ಅಳತೆ, ತೂಬುಗಳ ಗಾತ್ರ ಎಲ್ಲವೂ ಆ ಲೆಕ್ಕದ ಮೇಲೆಯೇ ನಿಂತಿವೆ. ನಾಲೆಯ ತಲೆಯಲ್ಲಿ ಹರಿಯಬಹುದಾದ ನೀರು 4,100 ಕ್ಯುಸೆಕ್‌ನ (ಸೆಕೆಂಡಿಗೆ ಅಷ್ಟು ಘನ ಅಡಿ) ಆಸುಪಾಸು. ಪೂರ್ತಿ ತೆರೆದಿಟ್ಟರೂ ಮೂರು ದಿನಕ್ಕೆ ಒಂದು ಟಿಎಂಸಿಯಷ್ಟು ಮಾತ್ರ ಅದರಲ್ಲಿ ಹೋಗಬಲ್ಲದು. ಆಮೇಲೆ ಕರಾವಳಿ ಆಂಧ್ರದಿಂದ ಬಂದ ರೈತರು ಗಂಗಾವತಿ, ಸಿಂಧನೂರುಗಳ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲ ಸಮ ಮಾಡಿ ಭತ್ತ ಹಾಕಿದರು. ಲಾಭ ಕಂಡ ಸ್ಥಳೀಯ ರೈತರೂ ಹಾಗೆಯೇ ಮಾಡಿದರು. ಯಾರನ್ನೂ ದೂರುವಂತಿಲ್ಲ, ನೀರು ಹೊಲದ ಬದುವಿಗೆ ಬಂದು ನಿಂತಾಗ, ಭತ್ತಕ್ಕೆ ಬೆಂಬಲ ಬೆಲೆಯೂ ಗಿರಣಿಯೂ ಹತ್ತಿರ ಇದ್ದಾಗ, ಜೋಳವನ್ನೇ ಬಿತ್ತೆಂದು ಹೇಳಿದರೆ ಕೇಳುವವರು ಯಾರು? ಆದರೆ ಒಂದು ಭತ್ತದ ಗದ್ದೆ ಹೀರುವ ನೀರನ್ನು ಎರಡು ಮೂರು ಜೋಳದ ಹೊಲಗಳು ಹಂಚಿಕೊಂಡು ಬೆಳೆಯುತ್ತವೆ. ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಷ್ಟೂ ಕೆಳಭಾಗಕ್ಕೆ ಹೋಗಬೇಕಾದ ನೀರು ಕಡಿಮೆಯಾಗಲೇಬೇಕು.

ಹೀಗಾಗಿ 47, 69 ಮತ್ತು 104ನೇ ಮೈಲುಗಳ ಗೇಜುಗಳು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇವೆ. ಪ್ರತಿ ವರ್ಷ ಕೆಳಭಾಗದ ರೈತರು ರಸ್ತೆಗಿಳಿದು ಕೇಳುವುದು ಒಂದೇ ಬೇಡಿಕೆ: ನಿಗದಿಯಾದ ಗೇಜು ಕಾಯ್ದುಕೊಳ್ಳಿ. ಹೆಚ್ಚು ನೀರನ್ನು ಅವರು ಕೇಳುತ್ತಿಲ್ಲ. ತಮ್ಮ ಪಾಲಿನದು ತಮ್ಮ ಮೈಲಿಗೆ ತಲುಪಲಿ ಎನ್ನುತ್ತಿದ್ದಾರೆ. ಮೇಲ್ಭಾಗದಲ್ಲಿ ನಾಲೆಯ ದಂಡೆಗೇ ಪಂಪ್‌ಸೆಟ್ ಇಟ್ಟು, ಅಚ್ಚುಕಟ್ಟಿನ ಹೊರಗಿನ ಜಮೀನಿಗೆ ಪೈಪ್‌ಲೈನ್ ಎಳೆದು ನೀರೆತ್ತುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಜಿಲ್ಲಾಡಳಿತ ನಾಲೆಯ ಉದ್ದಕ್ಕೂ ನಿಷೇಧಾಜ್ಞೆ ಹೊರಡಿಸುತ್ತದೆ, ಪೊಲೀಸರು ಕಾವಲು ನಿಲ್ಲುತ್ತಾರೆ, ಕೆಲವು ದಿನ ಗೇಜು ಏರುತ್ತದೆ, ಕಾವಲು ಸಡಿಲಾದ ಕೂಡಲೇ ಮತ್ತೆ ಇಳಿಯುತ್ತದೆ. 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನಾಲೆಯಿಂದ ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆಯನ್ನು ಬಿಗಿಗೊಳಿಸಲಾಗಿದೆ. ಕಾಯ್ದೆ ಬೇಕು, ಆದರೆ ಪೊಲೀಸರನ್ನು ನಿಲ್ಲಿಸಿ ನಡೆಸಬೇಕಾದ ಹಂಚಿಕೆಯನ್ನು ಭರವಸೆಯ ಹಂಚಿಕೆ ಎನ್ನಲಾಗದು. ಈ ನಡುವೆ ನಾಲೆಯ ಮೇಲೆ ನಿಜವಾಗಿ ಓಡಾಡಿ ಗೇಟು ಎತ್ತಿಳಿಸುವ ಗ್ಯಾಂಗ್‌ಮನ್‌ಗಳಲ್ಲಿ ಬಹುಪಾಲು ಜನ ಗುತ್ತಿಗೆ ಕಾರ್ಮಿಕರು. ಬಾಕಿ ವೇತನಕ್ಕಾಗಿ ಅವರು ಧರಣಿ ಕೂರುವುದು ಈ ಭಾಗದ ಪತ್ರಿಕೆಗಳಿಗೆ ಹೊಸ ಸುದ್ದಿಯಲ್ಲ. ಕೋಟಿಗಟ್ಟಲೆ ರೂಪಾಯಿ ಬೆಲೆಯ ಬೆಳೆಯ ಕೀಲಿಯನ್ನು ಯಾರ ಕೈಗೆ ಕೊಟ್ಟಿದ್ದೇವೆಯೋ ಅವರಿಗೇ ತಿಂಗಳ ಸಂಬಳದ ಖಾತ್ರಿ ಇಲ್ಲದಿದ್ದರೆ, ದೊಡ್ಡ ಜಮೀನುದಾರನ ಒತ್ತಡಕ್ಕೆ ಅವರು ಮಣಿಯದೆ ನಿಲ್ಲಬೇಕೆಂದು ಬಯಸುವುದು ನ್ಯಾಯವಲ್ಲ.

ಕೆಳಭಾಗದ ರೈತರು ಕೈಕಟ್ಟಿ ಕುಳಿತಿಲ್ಲ. ಸಸಿಮಡಿ ಮಾಡಿ ನಾಟಿ ಹಚ್ಚುವ ಬದಲು ಮಳೆಯ ಹಸಿಯಲ್ಲೇ ಕೂರಿಗೆಯಿಂದ ಭತ್ತ ಬಿತ್ತಿ, ನಾಲೆಯ ನೀರು ತಡವಾಗಿ ಬಂದರೂ ಬೆಳೆ ಉಳಿಸಿಕೊಳ್ಳುವ ಪದ್ಧತಿಯನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಲಹೆಯಂತೆ ಅನೇಕರು ಹಿಡಿದಿದ್ದಾರೆ. ಅನುಕೂಲ ಇದ್ದ ಕೆಲವರು ಹೊಲದಲ್ಲಿಯೇ ಕೆರೆ ತೋಡಿಸಿ, ನಾಲೆ ಹರಿಯುವಾಗ ತುಂಬಿಸಿಟ್ಟುಕೊಳ್ಳುತ್ತಾರೆ. ಅನುಕೂಲ ಇಲ್ಲದವರು ಹತ್ತಿ, ತೊಗರಿ ಹಾಕಿ ಮುಗಿಲು ನೋಡುತ್ತಾರೆ. ಎಲ್ಲರಿಗಿಂತ ಹೆಚ್ಚು ಪೆಟ್ಟು ತಿನ್ನುವವರು ಲೀಜಿಗೆ ಜಮೀನು ಮಾಡುವವರು, ಏಕೆಂದರೆ ಎಕರೆಗೆ ಇಷ್ಟು ಚೀಲ ಎಂದು ಜಮೀನುದಾರನಿಗೆ ಮಾತು ಕೊಡುವುದು ಬೇಸಿಗೆಯಲ್ಲಿ, ನೀರಿನ ದಿನಾಂಕ ಗೊತ್ತಾಗುವುದು ಮಳೆಗಾಲದಲ್ಲಿ. ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ನಿಂತ ಕಡೆ ಭೂಮಿ ಸವಳು ಹಿಡಿದು ಜೌಗಾಗಿದೆ. ಅದನ್ನು ಸರಿಪಡಿಸುವ ಬಗೆ ಹುಡುಕಲೆಂದೇ ಗಂಗಾವತಿಯಲ್ಲಿ ಸಂಶೋಧನೆ ನಡೆಯುತ್ತಿದೆ. ಒಂದೇ ನಾಲೆಯ ಒಂದು ತುದಿಯಲ್ಲಿ ನೀರು ಹೆಚ್ಚಾಗಿ ಭೂಮಿ ಕೆಡುವುದೂ ಇನ್ನೊಂದು ತುದಿಯಲ್ಲಿ ನೀರಿಲ್ಲದೆ ಬೆಳೆ ಒಣಗುವುದೂ ಹಂಚಿಕೆಯ ದೋಷಕ್ಕೆ ಬೇರೆ ಸಾಕ್ಷಿ ಬೇಡದಂತೆ ಮಾಡಿವೆ.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಕರೆ ಭತ್ತಕ್ಕೆ 100 ರೂಪಾಯಿ, ಕಬ್ಬಿಗೆ 400 ರೂಪಾಯಿ ಎಂಬ ಮಟ್ಟದಲ್ಲಿ ನೀರಿನ ಕರ ದೀರ್ಘಕಾಲ ನಿಂತಿತ್ತು. ಇದು ಅಗ್ಗ, ನಿಜ. ಆದರೆ ಕೆಳಭಾಗದ ರೈತನಿಗೆ ಬಾರದ ನೀರಿನ ಬೆಲೆ ಕರದಲ್ಲಿ ಕಾಣುವುದಿಲ್ಲ. ಬೀಜ, ಗೊಬ್ಬರ, ಉಳುಮೆ, ಬಡ್ಡಿಗಳ ಲೆಕ್ಕದಲ್ಲಿ ಕಾಣುತ್ತದೆ. ಖಾತ್ರಿಯಾಗಿ ನೀರು ಬರುವುದಾದರೆ ಇನ್ನಷ್ಟು ಕರ ಕೊಡಲು ಬಹಳ ಜನ ಒಪ್ಪುತ್ತಾರೆಂದು ನಾನು ನಂಬುತ್ತೇನೆ.

ಹೋಲಿಸಿ ನೋಡಲು ದೂರ ಹೋಗಬೇಕಾಗಿಲ್ಲ. ಅದೇ ಜಲಾಶಯದ ಕೆಳಗೆ ಹೊಸಪೇಟೆ ಸುತ್ತ ರಾಯ, ಬಸವ, ತುರ್ತಾ ಕಾಲುವೆಗಳು ವಿಜಯನಗರದ ಕಾಲದಿಂದ ಹರಿಯುತ್ತಿವೆ. ಅಚ್ಚುಕಟ್ಟು ಚಿಕ್ಕದು, ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ನೀರಿರುತ್ತದೆ, ಬಾಳೆ, ಕಬ್ಬುಗಳನ್ನು ನೆಚ್ಚಿ ಹಾಕಬಹುದು. ಇತ್ತೀಚೆಗೆ ಅವುಗಳ ಆಧುನೀಕರಣವೂ ನಡೆದಿದೆ. ಅವುಗಳ ಜೊತೆ 227 ಕಿಲೋಮೀಟರಿನ ನಾಲೆಯನ್ನು ಇಟ್ಟು ನೋಡುವುದು ಪೂರ್ತಿ ಸರಿಯಲ್ಲ. ಸರಿಯಾದ ಹೋಲಿಕೆ ಕೃಷ್ಣೆಯ ನಾರಾಯಣಪುರ ಎಡದಂಡೆ ನಾಲೆಯದು. 10,000 ಕ್ಯುಸೆಕ್ ಸಾಮರ್ಥ್ಯದ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟಿನ ಆ ನಾಲೆಯನ್ನು ನವೀಕರಿಸಿ, ಗೇಟುಗಳನ್ನು ದೂರದಿಂದಲೇ ನಿಯಂತ್ರಿಸಿ ಹರಿವನ್ನು ಅಳೆಯುವ ಸ್ಕಾಡಾ ವ್ಯವಸ್ಥೆಯನ್ನು ಅಳವಡಿಸಿ, 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟಿಸಲಾಯಿತು. ಯಂತ್ರ ಬಂದ ಕೂಡಲೇ ನ್ಯಾಯ ಬರುವುದಿಲ್ಲ. ಆದರೆ ಯಾವ ಗೇಟಿನಲ್ಲಿ ಯಾವ ಗಂಟೆಗೆ ಎಷ್ಟು ನೀರು ಹೋಯಿತೆಂಬ ದಾಖಲೆ ಇದ್ದಲ್ಲಿ ವಾದಕ್ಕೆ ಒಂದು ಆಧಾರವಾದರೂ ಇರುತ್ತದೆ. ತುಂಗಭದ್ರಾ ಎಡದಂಡೆಯಲ್ಲಿ ಈಗಲೂ ವಾದದ ಒಂದು ಕಡೆ ಅಧಿಕಾರಿಗಳ ಹೇಳಿಕೆ, ಇನ್ನೊಂದು ಕಡೆ ಒಣಗಿದ ತೂಬಿನ ಫೋಟೋ ಇರುತ್ತವೆ.

ಹೂಳಿಗೆ ಪರ್ಯಾಯವಾಗಿ ಕನಕಗಿರಿ ತಾಲ್ಲೂಕಿನ ನವಲಿ ಬಳಿ, ಮಳೆಗಾಲದ ಹೆಚ್ಚುವರಿ ನೀರನ್ನು ಹಿಡಿದಿಡುವ ಸಮತೋಲನ ಜಲಾಶಯ ಕಟ್ಟುವ ಮಾತು ಬಹಳ ವರ್ಷಗಳಿಂದ ಇದೆ. ಆಂಧ್ರ, ತೆಲಂಗಾಣಗಳ ಒಪ್ಪಿಗೆಯಿಲ್ಲದೆ ಅದು ಮುಂದೆ ಸಾಗದು. ಆದದ್ದಾದರೆ ಎರಡನೇ ಬೆಳೆಗೆ ದೊಡ್ಡ ಆಸರೆ. ಅಲ್ಲಿಯವರೆಗೆ ಕಾಯದೆ, ಹೆಚ್ಚು ಹಣವಿಲ್ಲದೆ ನಾಳೆಯೇ ಮಾಡಬಹುದಾದ ಕೆಲಸವೊಂದಿದೆ. ಜಲಾಶಯದ ಮಟ್ಟವನ್ನು ಪ್ರತಿದಿನ ಪ್ರಕಟಿಸುವಂತೆ ಮೂರೂ ಮೈಲುಗಳ ಗೇಜನ್ನು, ಪ್ರತಿ ವಿತರಣಾ ನಾಲೆಗೆ ಬಿಟ್ಟ ಕ್ಯುಸೆಕ್ ಪ್ರಮಾಣವನ್ನು ಬೆಳಿಗ್ಗೆ ಮತ್ತು ಸಂಜೆ ಪ್ರಕಟಿಸಬೇಕು. ಸರದಿಯ ಮೇಲೆ ನೀರು ಬಿಡುವ ವಾರಬಂದಿಯ ಪಟ್ಟಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಹಂಗಾಮು ಆರಂಭವಾಗುವ ಮೊದಲೇ ಅಂಟಬೇಕು. ಮುಖ್ಯವಾಗಿ, ಎರಡನೇ ಬೆಳೆಗೆ ನೀರು ಇದೆಯೋ ಇಲ್ಲವೋ ಎಂಬ ತೀರ್ಮಾನ, ಇದ್ದರೆ ಯಾವ ಬೆಳೆಗೆ ಎಂಬುದೂ ಸೇರಿ, ಸಸಿಮಡಿ ಹಾಕುವ ಮುಂಚೆಯೇ ಹೊರಬೀಳಬೇಕು. ನೀರಿಲ್ಲ ಎಂದು ಸಕಾಲದಲ್ಲಿ ಹೇಳಿದರೆ ರೈತ ಕಡಲೆ, ಜೋಳ ಬಿತ್ತಿ ಅಷ್ಟರಮಟ್ಟಿಗೆ ಬದುಕುತ್ತಾನೆ. ನೀರು ಬಿಟ್ಟು ತೆನೆ ಬರುವ ಹೊತ್ತಿಗೆ ನಿಲ್ಲಿಸಿದರೆ ಹಾಕಿದ ಹಣವೆಲ್ಲ ಹೋಗುತ್ತದೆ.

ಈ ಅಚ್ಚುಕಟ್ಟಿನಲ್ಲಿ ಹೊಸದಾಗಿ ಜಮೀನು ಕೊಳ್ಳುವವರು ಅಥವಾ ಲೀಜಿಗೆ ಹಿಡಿಯುವವರು ನನ್ನನ್ನು ಕೇಳಿದರೆ ಹೇಳುವುದಿಷ್ಟು. ಪಹಣಿಯಲ್ಲಿ ನೀರಾವರಿ ಎಂದು ಬರೆದಿರುವುದನ್ನೇ ನಂಬಬೇಡಿ. ಹೊಲ ಯಾವ ವಿತರಣಾ ನಾಲೆಯ ಕೆಳಗಿದೆ, ಆ ನಾಲೆ ಮುಖ್ಯ ನಾಲೆಯ ಎಷ್ಟನೇ ಮೈಲಿನಲ್ಲಿ ಒಡೆಯುತ್ತದೆ, ನಿಮ್ಮ ತೂಬು ಅದರ ಆರಂಭದಲ್ಲಿದೆಯೋ ಕೊನೆಯಲ್ಲಿದೆಯೋ ವಿಚಾರಿಸಿ. ನವೆಂಬರ್ ತಿಂಗಳಲ್ಲಿ ಒಮ್ಮೆ ಹೋಗಿ ಹೊಲಗಾಲುವೆಯನ್ನು ಕಣ್ಣಾರೆ ನೋಡಿ; ಆಗ ನೀರಿದ್ದರೆ ಮುಂಗಾರಿನ ಮಟ್ಟಿಗೆ ಚಿಂತೆಯಿಲ್ಲ. 69ನೇ ಮೈಲಿನಿಂದ ಕೆಳಗಾದರೆ ಲೀಜಿನ ಚೀಲಗಳನ್ನು ಒಂದೇ ಬೆಳೆಯ ಲೆಕ್ಕದಲ್ಲಿ ಮಾತಾಡಿ, ಎರಡನೇ ಬೆಳೆಗೆ ನೀರು ಬಂದರೆ ಮಾತ್ರ ಅದರ ಪಾಲು ಎಂದು ಕಾಗದದಲ್ಲಿ ಬರೆಯಿಸಿ. ಹೊಲದಲ್ಲಿ ಕೆರೆಗೆ ಜಾಗವಿದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಬಹುದು. ಬೇಸಿಗೆಯಲ್ಲಿ ನಾಲೆಗೆ ನೀರು ಬಿಟ್ಟ ಸುದ್ದಿ ಕೇಳಿದ ಕೂಡಲೇ ಬೆಳೆಗೆಂದು ತಿಳಿಯಬೇಡಿ. ಊರೂರಿನ ಕುಡಿಯುವ ನೀರಿನ ಕೆರೆಗಳನ್ನೂ ರಾಯಚೂರು ನಗರಕ್ಕೆ ನೀರೊದಗಿಸುವ ಗಣೇಕಲ್ ಜಲಾಶಯವನ್ನೂ ತುಂಬಿಸಲು ಬಿಡುವ ನೀರು ಅದಾಗಿರುತ್ತದೆ, ಅದಕ್ಕೆ ಮೋಟಾರು ಹಚ್ಚುವುದು ಯಾವ ಕಾರಣಕ್ಕೂ ಸಲ್ಲದು.